ಶಾಲೆ ಹೊತ್ತಿಗೇ ಬರುವ ಹೊಟ್ಟೆನೋವು

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಎರಡು ತಿಂಗಳಿಂದ ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ವಾರಕ್ಕೆ ಎರಡು ಮೂರು ದಿನ ಶಾಲೆ ತಪ್ಪುತ್ತಿದೆ. ಹತ್ತೂವರೆಗೆಲ್ಲ ಆಟವಾಡಿಕೊಂಡಿರುತ್ತಾಳೆ. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎರಡರಲ್ಲೂ ಏನೂ ಇಲ್ಲ. ಅವರಪ್ಪ ‘ನಾಟಕ’ ಎಂದು ಬೈಯುತ್ತಾರೆ, ನಮ್ಮತ್ತೆ ‘ಪಾಪ, ಇರಲಿ ಬಿಡು’ ಅನ್ನುತ್ತಾರೆ. ರಾತ್ರಿ ಇದೇ ವಿಷಯಕ್ಕೆ ನಮ್ಮಿಬ್ಬರಿಗೆ ಜಗಳ.
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ನಾಟಕವಲ್ಲ, ನೋವು ನಿಜ. ಇಂಟರ್‌ವ್ಯೂ ದಿನ ಬೆಳಿಗ್ಗೆ ದೊಡ್ಡವರಿಗೇ ಹೊಟ್ಟೆ ಕಿವುಚುತ್ತದೆ. ‘ಭಯವಾಗ್ತಿದೆ’ ಎನ್ನಲು ಬಾರದ ವಯಸ್ಸಿನಲ್ಲಿ ಹೊಟ್ಟೆಯೇ ಆ ಮಾತು ಆಡುತ್ತದೆ. ಇಂಥ ನೋವು ಹೆಚ್ಚಾಗಿ ಹೊಕ್ಕುಳ ಸುತ್ತ ಇರುತ್ತದೆ, ಭಾನುವಾರ ಮಾಯವಾಗುತ್ತದೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಪದೇ ಪದೇ ವಾಂತಿ, ಜ್ವರ, ಮಲದಲ್ಲಿ ರಕ್ತ – ಇವುಗಳಲ್ಲಿ ಒಂದು ಕಂಡರೂ ಮಕ್ಕಳ ವೈದ್ಯರ ಹತ್ತಿರ ಮತ್ತೆ ಹೋಗಿ.

ಈಗ ಅತ್ತೆಯವರ ವಿಷಯ. ಮನೆಯಲ್ಲಿ ಉಳಿದ ದಿನ ಅಜ್ಜಿಯ ಮಡಿಲು, ಮೊಬೈಲು, ಬಿಸಿ ಅವಲಕ್ಕಿ. ಶಾಲೆ ತಪ್ಪಿದ ಕೂಡಲೇ ಎದೆ ಹಗುರಾಗುತ್ತದೆ. ‘ಉಳಿದರೆ ವಾಸಿ’ ಎಂಬ ಪಾಠವನ್ನು ಮೆದುಳು ಹೀಗೇ ಕಲಿಯುತ್ತದೆ, ಮರುದಿನದ ಭಯ ಇನ್ನೂ ದೊಡ್ಡದಾಗುತ್ತದೆ. ಬೈದರೂ ಅಷ್ಟೇ, ಭಯಕ್ಕೆ ಇನ್ನೊಂದು ಭಯ ಸೇರುತ್ತದೆ. ಒಬ್ಬರು ಬೈದು ಇನ್ನೊಬ್ಬರು ಮುದ್ದಿಸುವುದು ಎರಡಕ್ಕಿಂತಲೂ ಕೆಟ್ಟದ್ದು. ನಾಳೆ ಯಾರ ಮಾತು ನಡೆಯುತ್ತದೋ ಎಂದು ಮಗು ರಾತ್ರಿಯಿಡೀ ಲೆಕ್ಕ ಹಾಕುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರ ಗುರುತು ಹಾಕಿ: ನೋವಿಗೆ ಚುಕ್ಕಿ, ಹಿಂದಿನ ರಾತ್ರಿ ಜಗಳವಾಗಿದ್ದರೆ ಗೀಟು. ಗೀಟಿನ ಪಕ್ಕ ಚುಕ್ಕಿಗಳು ಸಾಲುಗಟ್ಟಿದರೆ ಕಾರಣ ಶಾಲೆಯಲ್ಲಿಲ್ಲದೆಯೂ ಇರಬಹುದು. ಅಮ್ಮನನ್ನು ಬಿಟ್ಟು ಹೋದರೆ ಏನಾಗುತ್ತದೋ ಎಂದು ಕಾವಲಿಗೆ ಉಳಿಯುವ ಮಕ್ಕಳಿದ್ದಾರೆ. ಚುಕ್ಕಿಗಳು ಸೋಮವಾರಕ್ಕೋ ಒಂದು ಪೀರಿಯಡ್ ಇರುವ ದಿನಕ್ಕೋ ಅಂಟಿಕೊಂಡಿದ್ದರೆ ಶಾಲೆಯಲ್ಲಿ ವಿಚಾರಿಸಿ. ‘ಯಾಕೆ ಹೋಗಲ್ಲ?’ ಎಂದರೆ ಉತ್ತರ ಸಿಗದು. ‘ಪಕ್ಕ ಯಾರು ಕೂರ್ತಾರೆ? ಊಟ ಯಾರ ಜೊತೆ? ಟಾಯ್ಲೆಟ್ಟಿಗೆ ಹೋಗ್ತೀಯಾ?’ ಎಂದು ಕೇಳಿ. ಗಲೀಜು ಟಾಯ್ಲೆಟ್ಟಿಗೆ ಹೆದರಿ ದಿನವಿಡೀ ನೀರು ಕುಡಿಯದ ಹುಡುಗಿಯರು ನಾವಂದುಕೊಂಡಷ್ಟು ಕಡಿಮೆಯಿಲ್ಲ.

ಗುರುತು ಹಾಕುತ್ತಿರುವಾಗಲೇ ಶಾಲೆಗೆ ಕಳಿಸುವುದನ್ನೂ ಶುರುಮಾಡಿ. ಕ್ಲಾಸ್ ಟೀಚರ್ ಒಪ್ಪಿದರೆ ಮೊದಲ ಮೂರು ದಿನ ಎರಡು ಪೀರಿಯಡ್, ಆಮೇಲೆ ಮಧ್ಯಾಹ್ನದ ಊಟದವರೆಗೆ, ಎರಡನೇ ವಾರದ ಕೊನೆಗೆ ಪೂರ್ತಿ ದಿನ. ಬಿಡಲು ಆದರೆ ಅಪ್ಪನೇ ಹೋಗಲಿ. ಗೇಟಿನ ಬಳಿ ಒಂದೇ ಮಾತು: ‘ನೋಯ್ತಿದೆ ಅಂತ ಗೊತ್ತು ಪುಟ್ಟಿ, ಆದರೂ ನಿನ್ನ ಕೈಲಾಗತ್ತೆ.’ ಅಷ್ಟು ಹೇಳಿ ಹೊರಟುಬಿಡಬೇಕು. ಅಲ್ಲೇ ನಿಂತು ಇಣುಕಿದರೆ ಅಳು ಜಾಸ್ತಿ. ಶಾಲೆಗೆ ಹೋಗದೆ ಉಳಿದ ದಿನ ಮನೆ ಸಪ್ಪೆಯಾಗಿರಲಿ: ಶಾಲೆ ಬಿಡುವ ಹೊತ್ತಿನವರೆಗೆ ಟಿವಿ, ಮೊಬೈಲು ಇಲ್ಲ. ಮೊದಲ ಕೆಲವು ದಿನ ಅಳು ಏರಬಹುದು. ಹೆಚ್ಚಿನವರು ಸೋಲುವುದು ಆಗಲೇ, ಸೋತರೆ ಇನ್ನೂ ಜೋರಾಗಿ ಅಳಬೇಕೆಂದು ಮಗು ಕಲಿಯುತ್ತದೆ. ಇದಕ್ಕೆ ಮೊದಲು ಅತ್ತೆಯವರನ್ನು ಕೂರಿಸಿಕೊಂಡು ಮಾತಾಡಿ. ಸಂಜೆ ಕತೆ ಹೇಳಿ ಮುದ್ದಿಸುವ ಕೆಲಸ ಅವರದೇ.

ಜಗಳ ಮಗಳ ಮುಂದೆ ಆಗಿದ್ದರೆ ರಾಜಿಯೂ ಅವಳ ಮುಂದೆಯೇ ಆಗಲಿ. ‘ಇದು ನಿನ್ನಿಂದಾದ ಜಗಳ ಅಲ್ಲ, ಸರಿಮಾಡೋದೂ ನಿನ್ನ ಕೆಲಸ ಅಲ್ಲ’ ಎಂದು ಬಾಯಿಬಿಟ್ಟು ಹೇಳಿ. ಹೊಡೆತದ ಮನೆಯಾದರೆ ಈ ಸಲಹೆ ಸಾಲದು, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ.

ಎರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಿ. ‘ಬದುಕೋದು ಬೇಡ’ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ಅಪ್ಪ ಅಮ್ಮ ಮಾತುಬಿಟ್ಟು ಮೂರು ತಿಂಗಳಾಯಿತು. ‘ಊಟಕ್ಕೆ ಬಾ ಅಂತ ನಿಮ್ಮಪ್ಪನಿಗೆ ಹೇಳು’, ‘ದುಡ್ಡಿಲ್ಲ ಅಂತ ನಿಮ್ಮಮ್ಮನಿಗೆ ಹೇಳು’ – ಎಲ್ಲ ನನ್ನ ಮೂಲಕವೇ. ಓದಲು ಕೂತರೆ ತಲೆಗೆ ಹತ್ತುವುದಿಲ್ಲ.
– ವಿದ್ಯಾರ್ಥಿ, ಶಿರಸಿ

ಉತ್ತರ: ನೀನು ಪೋಸ್ಟ್‌ಮ್ಯಾನ್ ಅಲ್ಲ. ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತ ತಲೆಗೆ ಪಾಠ ಹತ್ತದಿರುವುದು ದಡ್ಡತನವಲ್ಲ. ಇಬ್ಬರೂ ಸಮಾಧಾನವಾಗಿರುವಾಗ ಬೇರೆ ಬೇರೆಯಾಗಿ ಒಂದೇ ಮಾತು ಹೇಳು: ‘ನನಗೆ ನೀವಿಬ್ಬರೂ ಬೇಕು. ಸುದ್ದಿ ಮುಟ್ಟಿಸೋದು ನನ್ನಿಂದಾಗಲ್ಲ, ಚೀಟಿ ಬರೆದಿಡಿ, ಇಲ್ಲಾ ಮೆಸೇಜ್ ಮಾಡಿ.’ ಬಾಯಿಂದ ಹೇಳಲು ಕಷ್ಟವಾದರೆ ನೀನೇ ಚೀಟಿ ಬರೆದು ಇಬ್ಬರಿಗೂ ಕೊಡು. ಮೊದಮೊದಲು ಸಿಟ್ಟಾಗುತ್ತಾರೆ. ‘ಯಾರ ಕಡೆ ನೀನು?’ ಎಂದರೆ ಉತ್ತರಿಸದೆ ಎದ್ದು ಹೋಗು. ಅವರು ಗೌರವ ಕೊಡುವ ಸೋದರಮಾವನೋ ಅತ್ತೆಯೋ ಇದ್ದರೆ ಈ ಪತ್ರವನ್ನೇ ತೋರಿಸು. ಪರೀಕ್ಷೆಯವರೆಗೆ ಸಂಜೆ ಓದಲು ಲೈಬ್ರರಿಯೋ ಗೆಳೆಯನ ಮನೆಯೋ ಗೊತ್ತುಮಾಡಿಕೋ. ಮೇಲಿನ 14416ಕ್ಕೆ ನೀನೂ ಕರೆ ಮಾಡಬಹುದು, 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.