ಲಾಕ್ ಫೈಲ್ ಡಿಲೀಟ್ ಮಾಡ್ಬೇಡಿ, ಎರರ್ ಪೂರ್ತಿ ಓದಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕೋ ತೆಗೆಯೋ ಪ್ಯಾಕೇಜ್ ಮ್ಯಾನೇಜರ್ ಬಗ್ಗೆನೇ ಇತ್ತು, ಅದಕ್ಕೆ ಎಲ್ಲಾ ಒಟ್ಟಿಗೆ ತಗೊಂಡಿದೀನಿ. ಬರೆದವರೆಲ್ಲ ಡೆಬಿಯನ್ ಇಲ್ಲ ಉಬುಂಟು ಬಳಸೋರು, ಹಾಗಾಗಿ ಮಾತು ಆಪ್ಟ್ ಮತ್ತೆ ಅದರ ಕೆಳಗೆ ಕೆಲಸ ಮಾಡೋ ಡಿಪಿಕೆಜಿ ಬಗ್ಗೆ.

ಪ್ರಶ್ನೆ: ನಮಸ್ಕಾರ ಸರ್, ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ ಏನಾದ್ರೂ ಇನ್‌ಸ್ಟಾಲ್ ಮಾಡಕ್ಕೆ ಹೋದ್ರೆ ಲಾಕ್ ಸಿಗ್ತಿಲ್ಲ ಅಂತ ಬರತ್ತೆ. ಒಂದು ವಿಡಿಯೋ ನೋಡಿ ಲಾಕ್ ಫೈಲನ್ನೇ ಡಿಲೀಟ್ ಮಾಡ್ದೆ, ಎರಡು ಸಲ ಏನೂ ಆಗಲಿಲ್ಲ, ಮೂರನೇ ಸಲ ಎಲ್ಲಾ ಕೆಟ್ಟೋಯ್ತು. ಇದು ಆಪ್ಟ್‌ನ ಬಗ್ ಅಲ್ವಾ?

ಉತ್ತರ: ಅಲ್ಲಪ್ಪ, ಕೆಡಿಸಿದ್ದು ಆ ವಿಡಿಯೋದ ಸಲಹೆ. ಮಷೀನ್ ಆನ್ ಆದ ಸ್ವಲ್ಪ ಹೊತ್ತಿಗೆ ಉಬುಂಟುನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಅನ್ನೋ ಪ್ರೋಗ್ರಾಂ ತಾನೇ ಎದ್ದು ಸೆಕ್ಯೂರಿಟಿ ಅಪ್‌ಡೇಟ್ ಹಾಕ್ತಾ ಇರತ್ತೆ, ಅದು ಮುಗಿಯೋ ತನಕ ಬೇರೆ ಯಾರೂ ಕೈ ಹಾಕ್ಬಾರ್ದು ಅಂತಾನೇ ಲಾಕ್ ಇರೋದು. ಇನ್ನೊಂದು ವಿಷ್ಯ ತಿಳ್ಕೊಳ್ಳಿ, ಆ ಫೈಲ್ ಯಾವಾಗ್ಲೂ ಅಲ್ಲೇ ಬಿದ್ದಿರತ್ತೆ, ಫೈಲ್ ಇದೆ ಅಂದ್ರೆ ಲಾಕ್ ಆಗಿದೆ ಅಂತ ಅರ್ಥ ಅಲ್ಲ. ಲಾಕ್ ನಿಜವಾಗ್ಲೂ ಇರೋದು ಲಿನಕ್ಸ್‌ನ ತಿರುಳಾದ ಕರ್ನಲ್ ಹತ್ರ, ಹಿಡ್ಕೊಂಡಿರೋ ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ) ಸತ್ತೋದ್ರೆ ಲಾಕ್ ತಾನಾಗೇ ಬಿಟ್ಕೊಳ್ಳತ್ತೆ. ನೀವು ಫೈಲ್ ಅಳಿಸಿದಾಗ ಏನಾಗತ್ತೆ ಅಂದ್ರೆ ಹಳೇ ಪ್ರೋಸೆಸ್ ಹಳೇ ಫೈಲನ್ನೇ ಹಿಡ್ಕೊಂಡು ಕೂತಿರತ್ತೆ, ನಿಮ್ಮ ಆಪ್ಟ್ ಅದೇ ಹೆಸರಲ್ಲಿ ಹೊಸ ಫೈಲ್ ಮಾಡ್ಕೊಂಡು ಅದಕ್ಕೆ ಲಾಕ್ ಹಾಕತ್ತೆ, ಈಗ ಇಬ್ಬರಿಗೂ ನಂದೇ ಸರದಿ ಅನ್ಸತ್ತೆ. ಅಂಗಡಿ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಒಂದೇ ಪುಟಕ್ಕೆ ಒಟ್ಟಿಗೆ ಬರೆದ್ರೆ ಏನಾಗತ್ತೋ ಅದೇ ಆಗಿರೋದು.

ಆದ್ರೆ ಲಾಕ್ ವಿಷಯದಲ್ಲಿ ನಿಜವಾದ ಒಂದು ಬಗ್ ತುಂಬಾ ವರ್ಷ ಇತ್ತು, ಹೇಳ್ಲೇಬೇಕು. ಆಪ್ಟ್ ಲಾಕ್ ತಗೊಂಡು, ಏನೇನು ಹಾಕ್ಬೇಕು ಅಂತ ಲೆಕ್ಕ ಹಾಕಿ, ಆಮೇಲೆ ಡಿಪಿಕೆಜಿನ ಕರೀತಿತ್ತು, ಡಿಪಿಕೆಜಿಗೂ ಅದೇ ಲಾಕ್ ಬೇಕು, ಹಾಗಾಗಿ ಆಪ್ಟ್ ಒಂದು ಕ್ಷಣ ಬಿಟ್ಕೊಡ್ಬೇಕಿತ್ತು. ಆ ಕ್ಷಣದಲ್ಲಿ ಬೇರೆ ಯಾರಾದ್ರೂ ನುಗ್ಗಿಬಿಟ್ರೆ ಕೆಲಸ ಅರ್ಧಕ್ಕೆ ನಿಲ್ತಿತ್ತು. 2018ರಲ್ಲಿ ಫ್ರಂಟೆಂಡ್ ಲಾಕ್ ಅಂತ ಎರಡನೇದು ಒಂದು ತಂದ್ರು, ಹೊರಗಿನ ಲಾಕನ್ನ ಆಪ್ಟ್ ಕೊನೇತನಕ ಹಿಡ್ಕೊಂಡಿರತ್ತೆ, ಒಳಗಿಂದು ಮಾತ್ರ ಕೈ ಬದಲಾಗತ್ತೆ. ನಿಮ್ಮ ಎರರ್‌ನಲ್ಲಿ ಲಾಕ್ ಫ್ರಂಟೆಂಡ್ ಅಂತ ಹೆಸರು ಬಂದಿದ್ರೆ ಅದು ಇದೇ. ಈಗಿನ ಆಪ್ಟ್ ಯಾವ ಪ್ರೋಸೆಸ್ ಹಿಡ್ಕೊಂಡಿದೆ ಅಂತ ನಂಬರ್ ಸಮೇತ ಹೇಳತ್ತೆ, ಸುಮ್ನೆ ಹತ್ತು ನಿಮಿಷ ಕಾಯಿರಿ. ಸದ್ಯಕ್ಕೆ ನಿಮ್ಮ ಮಷೀನ್‌ಗೆ ಮೊದಲು ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ (sudo dpkg --configure -a), ಆಮೇಲೆ ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ (sudo apt --fix-broken install) ಕೊಡಿ, ಬಹುಪಾಲು ಸರಿ ಹೋಗತ್ತೆ.

ಪ್ರಶ್ನೆ: ಶಿರಸಿ ಹತ್ರದ ಒಂದು ಹೈಸ್ಕೂಲಲ್ಲಿ ಟೀಚರ್ ನಾನು, ಲ್ಯಾಬಲ್ಲಿ ಅಪ್‌ಗ್ರೇಡ್ ಆಗ್ತಿದ್ದಾಗ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿನೂ ಸತ್ತಿತ್ತು. ಮಷೀನ್ ಆನ್ ಆಗತ್ತೆ, ಆದ್ರೆ ಏನೂ ಇನ್‌ಸ್ಟಾಲ್ ಆಗ್ತಿಲ್ಲ. ಪೂರ್ತಿ ಫಾರ್ಮ್ಯಾಟ್ ಮಾಡ್ಬೇಕಾ?

ಉತ್ತರ: ಬೇಡ ಮೇಡಂ, ಅವಸರ ಮಾಡ್ಬೇಡಿ. ಡಿಪಿಕೆಜಿ ಬರೆದವರು ಕರೆಂಟ್ ಹೋಗತ್ತೆ ಅಂತ ಅಂದ್ಕೊಂಡೇ ಬರೆದಿರೋದು. ಹೊಸ ಫೈಲನ್ನ ಹಳೇದರ ಮೇಲೆ ನೇರವಾಗಿ ಬರೆಯಲ್ಲ, ಪಕ್ಕದಲ್ಲಿ ಬೇರೆ ಹೆಸರಲ್ಲಿ ಬರೆದು, ಅದು ಡಿಸ್ಕ್‌ಗೆ ಗಟ್ಟಿಯಾಗಿ ಇಳಿದಿದೆ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಹೆಸರು ಬದಲಾಯಿಸತ್ತೆ. ಈ ಖಾತ್ರಿ ಮಾಡ್ಕೊಳೋದಕ್ಕೇ ಇನ್‌ಸ್ಟಾಲ್ ನಿಧಾನ ಅಂತ ಜನ ಬೈತಾರೆ, ನಿಮ್ಮ ಲ್ಯಾಬಿನ ಮಷೀನ್ ಇನ್ನೂ ಬೂಟ್ ಆಗ್ತಿರೋದು ಆ ನಿಧಾನದಿಂದಾನೇ. ಜೊತೆಗೆ ಒಂದೊಂದು ಪ್ಯಾಕೇಜ್ ಯಾವ ಹಂತದಲ್ಲಿದೆ, ಬಿಚ್ಚಿದ್ದು ಮಾತ್ರನಾ, ಕಾನ್ಫಿಗರ್ ಅರ್ಧ ಆಗಿದೆಯಾ, ಅಂತ ಸ್ಟೇಟಸ್ ಫೈಲಲ್ಲಿ ಬರ್ಕೊಂಡಿರತ್ತೆ, ಹಾಗಾಗಿ ಮೇಲೆ ಹೇಳಿದ ಎರಡು ಕಮಾಂಡ್ ಕೊಟ್ರೆ ನಿಂತಲ್ಲಿಂದ ಮುಂದುವರಿಯತ್ತೆ. ಆ ಸ್ಟೇಟಸ್ ಫೈಲೇ ಹಾಳಾಗಿದ್ರೂ ವಾರ್ ಒಳಗಿನ ಬ್ಯಾಕಪ್ಸ್ ಫೋಲ್ಡರ್‌ನಲ್ಲಿ ಹಿಂದಿನ ದಿನಗಳ ಕಾಪಿ ಇರತ್ತೆ, ಅದನ್ನ ತಂದಿಟ್ಟು ಮತ್ತೆ ಅಪ್‌ಗ್ರೇಡ್ ಕೊಡಿ.

ಅಷ್ಟಾದ್ಮೇಲೂ ಒಂದೇ ಪ್ಯಾಕೇಜ್ ಹತ್ರ ಪ್ರತಿ ಸಲ ನಿಂತ್ರೆ, ಪೋಸ್ಟ್ ಇನ್‌ಸ್ಟಲೇಷನ್ ಸ್ಕ್ರಿಪ್ಟ್ ಎರರ್ ಕೊಟ್ಟಿದೆ ಅನ್ನೋ ಸಾಲು ಕಾಣತ್ತಾ ನೋಡಿ. ಫೈಲ್ ಹಾಕಿದ್ಮೇಲೆ ಓಡ್ಬೇಕಾದ ಆ ಸ್ಕ್ರಿಪ್ಟ್ ಬರೆದಿರೋದು ಆ ಪ್ಯಾಕೇಜ್‌ನ ಮೇಂಟೇನರ್, ಅಂದ್ರೆ ಅದನ್ನ ನೋಡ್ಕೊಳೋರು. ಡಿಪಿಕೆಜಿ ಸುದ್ದಿ ಮುಟ್ಟಿಸಿದೆ ಅಷ್ಟೆ, ಜನ ಸುದ್ದಿ ತಂದವನ ಮೇಲೇ ಬಗ್ ಹಾಕ್ತಾರೆ, ಮೇಂಟೇನ್ ಮಾಡೋರ ಎಷ್ಟೋ ಸಂಜೆ ಇಂಥ ರಿಪೋರ್ಟ್‌ಗಳನ್ನ ಸರಿಯಾದ ಪ್ಯಾಕೇಜ್‌ಗೆ ದಾಟಿಸೋದ್ರಲ್ಲೇ ಹೋಗತ್ತೆ.

ಪ್ರಶ್ನೆ: ಗೇಮ್ ಹಾಕಕ್ಕೆ ಹೋಗಿ ಡೆಸ್ಕ್‌ಟಾಪೇ ಅಳಿಸಿಹೋಯ್ತು ಅಂತ ಒಂದು ಕಥೆ ಕೇಳಿದೀನಿ, ನಿಜಾನಾ? ತಪ್ಪು ಯಾರ್ದು?

ಉತ್ತರ: ನಿಜ, 2021ರ ನವೆಂಬರ್‌ನಲ್ಲಿ ಹೊರಗೆ ಬಂದ ವಿಷ್ಯ. ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ (ಲಿನಕ್ಸ್ ಮಾಡಿದ ಟೊರ್ವಾಲ್ಡ್ಸ್ ಅಲ್ಲ, ಇವರು ಬೇರೆ) ಉಬುಂಟು ಮೇಲೆ ಕಟ್ಟಿದ ಪಾಪ್ ಓಎಸ್‌ನಲ್ಲಿ ಗೇಮ್ ಕೊಳ್ಳೋ ಆಡೋ ಸ್ಟೀಮ್ ಪ್ರೋಗ್ರಾಂ ಹಾಕಕ್ಕೆ ಹೋದ್ರು, ಆವತ್ತು ಅಲ್ಲಿ ಪ್ಯಾಕೇಜ್‌ಗಳ ವರ್ಶನ್ ಒಂದಕ್ಕೊಂದು ತಾಳೆ ಆಗ್ತಿರಲಿಲ್ಲ, ಸ್ಟೀಮ್ ಬೇಕೇ ಬೇಕು ಅಂದ್ರೆ ಡೆಸ್ಕ್‌ಟಾಪ್ ತೆಗೀಬೇಕು ಅಂತ ಆಪ್ಟ್ ಲೆಕ್ಕ ಹಾಕ್ತು. ಎಚ್ಚರಿಕೆನೂ ಕೊಡ್ತು, 'ಯೆಸ್, ಡು ಆಸ್ ಐ ಸೇ!' ಅಂತ ಪೂರ್ತಿ ಟೈಪ್ ಮಾಡಿದ್ರೆ ಮಾತ್ರ ಮುಂದೆ ಹೋಗ್ತೀನಿ ಅಂತು, ಅವರು ಟೈಪ್ ಮಾಡಿದ್ರು.

ಓದದೆ ಟೈಪ್ ಮಾಡಿದ್ದು ಅವರ ತಪ್ಪು ಅಂತ ತುಂಬಾ ಜನ ನಕ್ಕರು, ನಂಗೆ ಆ ನಗು ಸರಿ ಅನ್ಸಲಿಲ್ಲ. ಹೊಸಬರಿಗೆ ಉದ್ದದ ಪಟ್ಟಿ ತೋರಿಸಿ ಕೊನೇಲಿ ಒಂದು ವಾಕ್ಯ ಬರೆಸ್ಕೊಂಡ್ರೆ ಅದು ಪಾಸ್‌ವರ್ಡ್ ಹೊಡೆದ ಹಾಗೇ ಅನ್ಸತ್ತೆ. ಆಪ್ಟ್ ನೋಡ್ಕೊಳೋರೂ ಹಾಗೇ ಯೋಚಿಸಿದಾರೆ ಅಂತ ಕಾಣತ್ತೆ, ಆಮೇಲಿನ ವರ್ಶನ್‌ಗಳಲ್ಲಿ ಅಗತ್ಯ ಪ್ಯಾಕೇಜ್ ತೆಗೆಯೋ ಪರಿಹಾರವನ್ನ ಆಪ್ಟ್ ತಾನಾಗಿ ಹುಡುಕೋದೇ ಇಲ್ಲ, ಬೇಕೇ ಬೇಕು ಅಂದ್ರೆ ನೀವೇ ಬೇರೆ ಆಪ್ಷನ್ ಕೊಟ್ಟು ಕೇಳ್ಬೇಕು. ಬಗ್ ಸರಿ ಮಾಡೋದು ಅಂದ್ರೆ ಹಲವು ಸಲ ಇದೇ, ಕೋಡ್ ಲೆಕ್ಕ ಸರಿಯಾಗೇ ಇರತ್ತೆ, ಮನುಷ್ಯರ ಕೈಗೆ ಅದು ಸಿಗೋ ರೀತಿ ತಪ್ಪಿರತ್ತೆ.

ಪ್ರಶ್ನೆ: ಪ್ಯಾಕೇಜ್‌ಗೆ ಸಹಿ ಇರತ್ತಲ್ಲ, ಹಾಗಾದ್ರೆ ಭಯ ಇಲ್ವಾ?

ಉತ್ತರ: ಯಾರು ಕಳಿಸಿದ್ದು, ದಾರೀಲಿ ಯಾರೂ ಬದಲಾಯಿಸಿಲ್ಲ, ಇಷ್ಟನ್ನೇ ಸಹಿ ಹೇಳೋದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರ್‌ನ 5.6.0 ಮತ್ತೆ 5.6.1ರಲ್ಲಿ ಹಿಂಬಾಗಿಲು (ಕದ್ದು ಒಳಗೆ ಬರೋ ದಾರಿ) ಸಿಕ್ತು, ಅದು ಸರಿಯಾದ ಸಹಿ ಜೊತೆಗೇ ಡೆಬಿಯನ್‌ನ ಟೆಸ್ಟಿಂಗ್ (ಇನ್ನೂ ಪರೀಕ್ಷೆ ನಡೀತಿರೋ ಆವೃತ್ತಿ) ತನಕ ಬಂದಿತ್ತು, ಸ್ಟೇಬಲ್‌ಗೆ (ಎಲ್ಲರಿಗೂ ಬಿಡುಗಡೆ ಆದ ಆವೃತ್ತಿ) ಬಂದಿರಲಿಲ್ಲ. ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ದೂರದ ಕಂಪ್ಯೂಟರ್‌ಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದು ಯಾಕೆ ಅಂತ ಬೆನ್ನು ಹತ್ತಿ ಹುಡುಕಿದ್ದಕ್ಕೆ. ಶಾಲೆ, ಆಫೀಸ್ ಮಷೀನ್‌ಗೆ ಸ್ಟೇಬಲ್ಲೇ ಇರ್ಲಿ.

ಪ್ರಶ್ನೆ: ಸಿ, ಸಿ ಪ್ಲಸ್ ಪ್ಲಸ್ ಸ್ವಲ್ಪ ಬರತ್ತೆ, ಮಂಗಳೂರಲ್ಲಿ ಕೆಲಸ. ಸಂಜೆ ಹೊತ್ತು ಪ್ಯಾಕೇಜ್ ಮ್ಯಾನೇಜರ್ ಬಗ್ ಸರಿ ಮಾಡೋ ಆಸೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ತುಂಬಾ ಖುಷಿ ಆಯ್ತು. ಡಿಪಿಕೆಜಿಯ ಮುಖ್ಯ ಭಾಗ ಸಿ, ಆಪ್ಟ್ ಸಿ ಪ್ಲಸ್ ಪ್ಲಸ್, ಎರಡೂ ನಿಮಗೆ ಆಗತ್ತೆ. ಮೊದಲ ವಾರ ಕೋಡ್ ಮುಟ್ಬೇಡಿ, ಒಂದು ಚಿಕ್ಕ ಪ್ಯಾಕೇಜ್ ಬಿಚ್ಚಿ ನೋಡಿ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿವೆ, ಗುಬ್ಬಿದು ಇಳಿಸ್ಕೊಂಡು ಎಆರ್ ಕಮಾಂಡಲ್ಲಿ ಬಿಚ್ಚಿದ್ರೆ ಒಳಗೆ ಮೂರೇ ಫೈಲ್, ಫಾರ್ಮ್ಯಾಟ್ ವರ್ಶನ್ ಒಂದು, ಹೆಸರು, ಅವಲಂಬನೆ (ಇದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು), ಸ್ಕ್ರಿಪ್ಟ್ ಇರೋ ಕಂಟ್ರೋಲ್ ಒಂದು, ನಿಜವಾದ ಫೈಲ್‌ಗಳಿರೋ ಡೇಟಾ ಒಂದು. ಇದನ್ನ ಕಣ್ಣಾರೆ ನೋಡಿದ್ಮೇಲೆ ಕೋಡ್ ಓದೋದು ಅರ್ಧ ಸುಲಭ.

ಆಮೇಲೆ ಬಗ್ ಪಟ್ಟಿ ತೆಗೀರಿ, ಹಳೇ ಬಗ್ ಒಂದನ್ನ ಆರಿಸ್ಕೊಂಡು ಇವತ್ತಿನ ವರ್ಶನ್‌ನಲ್ಲಿ ಇನ್ನೂ ಆಗತ್ತಾ ಅಂತ ನೋಡಿ ಬರೀರಿ. ಇದು ಚಿಕ್ಕ ಕೆಲಸ ಅನ್ಕೋಬೇಡಿ, ಮೇಂಟೇನರ್‌ಗೆ ಪ್ಯಾಚ್‌ಗಿಂತ (ಕೋಡ್ ತಿದ್ದುಪಡಿಗಿಂತ) ಮೊದಲು ಬೇಕಾಗಿರೋದು ಇದೇ, ಯಾಕಂದ್ರೆ ಅವಲಂಬನೆ ಬಗ್‌ಗಳು ಒಬ್ಬರ ಮಷೀನಲ್ಲಿ ಬರತ್ವೆ ಇನ್ನೊಬ್ಬರದ್ರಲ್ಲಿ ಬರಲ್ಲ, ಯಾರ್ಯಾರು ಏನೇನು ಇನ್‌ಸ್ಟಾಲ್ ಮಾಡಿದಾರೆ ಅನ್ನೋದ್ರ ಮೇಲೆ ನಿಂತಿರತ್ತೆ. ಆಪ್ಟ್ ಸೋರ್ಸ್ ಒಳಗೆ ಟೆಸ್ಟ್, ಅದರೊಳಗೆ ಇಂಟಿಗ್ರೇಷನ್ ಅಂತ ಫೋಲ್ಡರ್ ಇದೆ, ಅಲ್ಲಿನ ಶೆಲ್ ಸ್ಕ್ರಿಪ್ಟ್‌ಗಳು ಸುಳ್ಳು ಪ್ಯಾಕೇಜ್‌ಗಳನ್ನ ಸೃಷ್ಟಿ ಮಾಡಿ, ನಿಮ್ಮ ಸಿಸ್ಟಮ್ ಮುಟ್ಟದೇನೇ, ಆಪ್ಟ್ ಏನು ನಿರ್ಧಾರ ತಗೊಳತ್ತೆ ಅಂತ ಪರೀಕ್ಷೆ ಮಾಡತ್ವೆ. ಕೆಲವಕ್ಕೆ ಬಗ್ ನಂಬರೇ ಹೆಸರು. ನೂರು ಪ್ಯಾಕೇಜ್ ಗೋಜಲನ್ನ ಮೂರು ಸುಳ್ಳು ಪ್ಯಾಕೇಜ್‌ಗೆ ಇಳಿಸಿ ಅದೇ ಬಗ್ ಬರಿಸಿದ್ರೆ, ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗೀತು. ನಾನು ಹೀಗೆ ಮೊದಲ ಸಲ ಇಳಿಸಕ್ಕೆ ಮೂರು ವಾರಾಂತ್ಯ ತಗೊಂಡೆ, ಸರಿ ಮಾಡಿದ ಕೋಡ್ ಎರಡೇ ಸಾಲು.

ರಿಪೋರ್ಟ್ ಬರೆಯೋವಾಗ ರಿಪೋರ್ಟ್‌ಬಗ್ ಅನ್ನೋ ಪ್ರೋಗ್ರಾಂ ಬಳಸಿ, ವರ್ಶನ್‌ಗಳನ್ನ ಅದೇ ತುಂಬತ್ತೆ. ಡೆಬಿಯನ್‌ನಲ್ಲಿ ಬಗ್‌ಗೆ ಏಳು ದರ್ಜೆ, ಮೇಲಿನ ಮೂರು ಬಿದ್ರೆ ಬಿಡುಗಡೆನೇ ತಡೀಬಹುದು, ಸಿಟ್ಟಲ್ಲಿ ಕ್ರಿಟಿಕಲ್ ಅಂತ ಹಾಕ್ಬೇಡಿ. ಆ ಕಡೆ ಓದೋರಲ್ಲಿ ಬಹುಪಾಲು ಜನ ನಿಮ್ಮ ಹಾಗೇ ಆಫೀಸ್ ಮುಗಿಸಿ ಕೂತವರು. ನಿಮ್ಮ ಮೊದಲ ಟೆಸ್ಟ್ ರೆಡಿ ಆದಾಗ ಇಲ್ಲಿಗೂ ಕಳಿಸಿ, ಔಟ್‌ಪುಟ್ ಪೂರ್ತಿ ಕಾಪಿ ಮಾಡಿ ಹಾಕಿ, ಕೊನೇ ಸಾಲಿನ ಫೋಟೋ ಸಾಲಲ್ಲ, ಕಾರಣ ಸಾಮಾನ್ಯವಾಗಿ ಇಪ್ಪತ್ತು ಸಾಲು ಮೇಲಿರತ್ತೆ.