ತೆಳು ಚಿಪ್ಪಿನ ಮೊಟ್ಟೆಗೆ ಹರಿವೆ ಸೊಪ್ಪು ಕಾರಣವಾ?

ಹಿತ್ತಲಲ್ಲಿ ಹೆಚ್ಚಾದ ಹರಿವೆಯನ್ನು ಕೋಳಿಗಳಿಗೆ ಹಾಕುತ್ತಿದ್ದೀರಿ, ಮಳೆ ಶುರುವಾದ ಮೇಲೆ ಮೊಟ್ಟೆಯ ಚಿಪ್ಪು ತೆಳುವಾಗಿದೆ, ಸೊಪ್ಪೇ ಕಾರಣವಾ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ಹರಿವೆಯಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಆದರೆ ದಿನಕ್ಕೊಂದು ಹಿಡಿ ಸೊಪ್ಪಿನಿಂದ ಇಷ್ಟೆಲ್ಲ ಆಗುವುದಿಲ್ಲ. ನನಗೆ ಮೇವಿನ ಮೇಲೇ ಅನುಮಾನ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ಅಕ್ಕಿ ನುಚ್ಚು, ಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೋಡ ಕವಿದು ಬಿಸಿಲಿಲ್ಲದಿದ್ದರೆ ವಿಟಮಿನ್ ಡಿ ಕೂಡ ಸಾಲದಾಗುತ್ತದೆ. ಕೋಳಿಗೆ ವಯಸ್ಸಾಗಿದ್ದರಂತೂ ಚಿಪ್ಪು ತೆಳುವಾಗುವುದು ಸಹಜ.

ಕಪ್ಪೆಚಿಪ್ಪಿನ ನುಚ್ಚು ತಂದು ಬೇರೆ ಬಟ್ಟಲಲ್ಲಿಡಿ. ಬೇಕಾದಷ್ಟು ಅವೇ ತಿನ್ನುತ್ತವೆ. ಮೇವಿಗೆ ಬೆರೆಸಬೇಡಿ. ಮರಿಗಳು ಅದನ್ನು ತಿಂದರೆ ಕಿಡ್ನಿಗೆ ಪೆಟ್ಟು. ಅಡುಗೆಮನೆಯ ಮೊಟ್ಟೆ ಚಿಪ್ಪೂ ಆಗುತ್ತದೆ, ಆದರೆ ಹುರಿದು ಪುಡಿ ಮಾಡಿಯೇ ಹಾಕಿ. ಸುಮ್ನೆ ಹಾಗೇ ಎಸೆದರೆ ಮೊಟ್ಟೆ ಕುಕ್ಕುವ ಚಟ ಹತ್ತಬಹುದು. ಆ ಚಟ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ!

ಸೊಪ್ಪು ಕೊಡಲೇಬೇಕಾದರೆ ನುಗ್ಗೆ ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಹರಿವೆ ನಿಮಗೇ ಇರಲಿ. ಈಗ ಹಲಸಿನ ಬೀಜವೂ ಇರುತ್ತದೆ, ಅಲ್ವಾ? ಬೀಜ ಜಜ್ಜಿ, ಹರಿವೆ ದಂಟಿನ ಜೊತೆ ಬೇಯಿಸಿ, ತೆಂಗಿನಕಾಯಿ ಮಸಾಲೆ ಹಾಕಿ ಹುಳಿ ಮಾಡಿ. ಕುಚ್ಚಲಕ್ಕಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಒಳಪೊರೆ ಹರಿದ ಮೊಟ್ಟೆ ತಿನ್ನಬೇಡಿ. ಚಿಪ್ಪು ತೆಳುವಾದರೂ ಬಿರುಕಿಲ್ಲದಿದ್ದರೆ ನುಗ್ಗೆಸೊಪ್ಪಿನ ಪಲ್ಯಕ್ಕೆ ಒಡೆದು ಹಾಕಿ, ಚೆನ್ನಾಗಿ ಬೇಯಿಸಿ.