ತೆಂಗು ಬಿಟ್ಟು ಮೀನಿನ ಹೃದಯಕ್ಕೆ ಹೊರಟ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ, ಆಮೇಲೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತೆಂಗಿನ ಪ್ರಾಜೆಕ್ಟ್, ಈಗ ಜರ್ಮನಿಯಲ್ಲಿ ಜೀಬ್ರಾಮೀನು ಅನ್ನುವ ಪಟ್ಟೆಪಟ್ಟೆ ಪುಟ್ಟ ಮೀನಿನ ಹೃದಯದ ಮೇಲೆ ಪಿಎಚ್‌ಡಿ. "ಅಕ್ಕಾ, ವಿಷಯವೇ ಬೇರೆ, ಸುಧಾರಿಸಬಹುದಾ? ಅಲ್ಲಿ ಬದುಕು ಹೇಗೆ?" ಅಂತ ಕೇಳಿದ್ದೀಯ.

ವಿಷಯಕ್ಕೆ ಹೆದರಬೇಡ. ತೆಂಗಿನ ಎಲೆಯಿಂದ ಚೊಕ್ಕ ಆರ್‌ಎನ್‌ಎ (ಜೀನುಗಳ ಸಂದೇಶ ಒಯ್ಯುವ ಅಣು) ತೆಗೆಯುವ ಕಿರಿಕಿರಿ ನಿನಗೇ ಗೊತ್ತು. ಎಲೆಯಲ್ಲೇ ಇರುವ ಫೀನಾಲ್, ಪಾಲಿಸ್ಯಾಕರೈಡ್ ಸೇರಿ ಟ್ಯೂಬಿಡೀ ಕಂದು ಬಣ್ಣ. ಮೀನಿನಲ್ಲಿ ಆ ಕಾಟ ಇಲ್ಲ. ಇಲ್ಲಿನ ಕಷ್ಟ ಗಾತ್ರದ್ದು: ಬೆಳೆದ ಮೀನಿನ ಹೃದಯವೇ ಸುಮಾರು 1 ಮಿಲಿಮೀಟರ್. ಕೈ ಅಲುಗದಿದ್ದರೆ ಸಾಕು, ಡಿಎನ್‌ಎ ನಕಲು ಮಾಡುವ ಪಿಸಿಆರ್ ಎಲ್ಲ ಕಡೆ ಪಿಸಿಆರೇ.

ಈ ಮೀನಿನ ಹೃದಯದ ಕೆಳಕೋಣೆಯಲ್ಲಿ ಐದರಲ್ಲೊಂದು ಪಾಲು ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಇದು 2002ರಲ್ಲಿ ಗೊತ್ತಾದದ್ದು. ನಮ್ಮ ಹೃದಯದ ಸ್ನಾಯುಕೋಶಗಳಾದರೋ 25ರ ಪ್ರಾಯದಲ್ಲೇ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ, ಆಮೇಲೆ ಇನ್ನೂ ಕಡಿಮೆ. ಅಂದ ಹಾಗೆ ಈ ಮೀನು ನಮ್ಮ ದೇಶದ ತೋಡು, ಗದ್ದೆ ನೀರಿನದ್ದೇ.

ಲ್ಯಾಬಿನಲ್ಲಿ ಮೀನು ಸಾಕುವ ಕೋಣೆಯ ಗಡಿಯಾರಕ್ಕೆ ನೀನು ಒಗ್ಗಬೇಕು. 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಬೆಳಿಗ್ಗೆ ಲೈಟು ಹತ್ತುತ್ತಿದ್ದ ಹಾಗೆ ಗಂಡು ಹೆಣ್ಣುಗಳ ನಡುವಿನ ತಡಿಕೆ ಎಳೆದರೆ ಮೊಟ್ಟೆ ಬೀಳುತ್ತದೆ. ತಡವಾಗಿ ಹೋದರೆ ಆ ದಿನದ ಕೆಲಸ ಕೆಟ್ಟಿತು. ನೀರು 28 ಡಿಗ್ರಿ. ಜನವರಿಯಲ್ಲಿ ಒಳಗೆ ಹೊಕ್ಕರೆ ಕುಂಬಳೆಯ ಸೆಕೆಯೇ. ತರಬೇತಿ ಮುಗಿಸದೆ ಬೆಳೆದ ಮೀನಿನ ಮೇಲೆ ಪ್ರಯೋಗ ಮಾಡುವ ಹಾಗಿಲ್ಲ, ಅನುಮತಿಗೂ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿವರೆಗೆ ಐದು ದಿನದೊಳಗಿನ ಮರಿಗಳ ಮೇಲೆ ಕೈ ಪಳಗಿಸಿಕೋ. ಅವಕ್ಕೆ ಪ್ರಾಣಿಪ್ರಯೋಗದ ಈ ಕಾನೂನು ತಾಗುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ಕಾಗದಪತ್ರಕ್ಕೆ. ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಚೀಟಿ ಬೇಕು. "ನೋಂದಣಿಗೆ ಆಗದು, ಬಾಡಿಗೆ ಕಡಿಮೆ" ಅನ್ನುವ ಕೋಣೆ ಬೇಡವೇ ಬೇಡ. ನೋಂದಣಿ ಇಲ್ಲದಿದ್ದರೆ ತೆರಿಗೆ ನಂಬರಿನಿಂದ ಹಿಡಿದು ಎಲ್ಲವೂ ತಡೆದು ನಿಲ್ಲುತ್ತದೆ.

ಅಮ್ಮ "ಮದುವೆ, ಮಗು?" ಅಂತ ಕೇಳುತ್ತಾರಂತಲ್ಲ. ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ಸಂಬಳದ ರಜೆ ಇದೆ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಹೇಳಬೇಕು, ಫಾರ್ಮಾಲಿನ್‌ನಂಥ ರಾಸಾಯನಿಕದ ಕೆಲಸವನ್ನು ಕಾನೂನೇ ನಿಲ್ಲಿಸುತ್ತದೆ. ಹೇಳದೆ ದುಡಿದರೆ ಶಹಬ್ಬಾಸ್ ಅನ್ನುವವರು ಯಾರೂ ಇಲ್ಲ.

ಊಟಕ್ಕೆ ತೊಂದರೆ ಇಲ್ಲ, ಏಷ್ಯನ್ ಅಂಗಡಿಯಲ್ಲಿ ತುರಿದ ತೆಂಗಿನಕಾಯಿ ಫ್ರೋಜನ್ ಸಿಗುತ್ತದೆ. ಭಾನುವಾರ ಅಂಗಡಿ ಬಂದ್. ಇಲ್ಲಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸುಗಳು ಜಾಸ್ತಿ, ಹಾಗಾಗಿ ನಿನ್ನ ಮಲಯಾಳಂ ಕನ್ನಡಕ್ಕಿಂತ ಮೊದಲು ಉಪಯೋಗಕ್ಕೆ ಬರುತ್ತದೆ. ಶಾಲೆಯಲ್ಲಿ ಗೊಣಗುತ್ತಾ ಕಲಿತದ್ದು, ಅಲ್ವಾ?

ಒಪ್ಪಂದದಲ್ಲಿ ಶೇ. 65 ಕೆಲಸ, ಸಂಬಳವೂ ಅಷ್ಟೇ ಪಾಲು ಅಂತ ಇದ್ದರೆ ಗಾಬರಿ ಬೇಡ, ಪಿಎಚ್‌ಡಿಯಲ್ಲಿ ಅದು ಮಾಮೂಲು. ಲ್ಯಾಬಿನಲ್ಲಿ ದುಡಿತ ಮಾತ್ರ ಪೂರ್ತಿ. ಎಷ್ಟು ವರ್ಷಕ್ಕೆ ಅಂತ ನೀನು ಬರೆದಿಲ್ಲ. ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ, ಮುಂದಿನ ಸಂಬಳ ಎಲ್ಲಿಂದ ಅಂತ ಪ್ರೊಫೆಸರರನ್ನು ಸಹಿಗೆ ಮೊದಲೇ ಕೇಳು. ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.